ರೈಲು ಹೋಗಲಿ, ತಾಳು

ಭಾವ ಹಳೆಯ ಕಂಪ್ಯೂಟರ್ ಕೊಳ್ಳಲು ಹೋದಾಗ ಮೊದಲು ನೋಡಿದ್ದು ಅದರ ಸದ್ದನ್ನು. ಅಂಗಡಿಯ ಹುಡುಗ ಪರದೆಯ ಮೇಲೆ ಬಣ್ಣಬಣ್ಣದ ಆಟಗಳನ್ನು ಓಡಿಸಿ ತೋರಿಸುತ್ತಿದ್ದ. ಇವರು ಕ್ಯಾಬಿನೆಟ್ಟಿನ ಹಿಂಬದಿಗೆ ಕಿವಿಯಾನಿಸಿ ಕೂತಿದ್ದರು. ಕೊನೆಗೆ ತಲೆಯೆತ್ತಿ, “ಬಾಗಿಲು ಸ್ವಲ್ಪ ಮುಂದೆ ಮಾಡ್ತೀಯಾ ಮರಿ, ಇದರ ಫ್ಯಾನು ಕೇಳಬೇಕು ನಂಗೆ” ಅಂದರು. ಎಸ್‌.ಪಿ. ರೋಡಿನ ಅಂಗಡಿಯಲ್ಲಿ ಹಾಗೆ ಕೇಳಿದವರು ಅವರೊಬ್ಬರೇ ಇರಬೇಕು. ಹುಡುಗ ನನ್ನ ಮುಖ ನೋಡಿದ. ನಾನೇ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದೆ.

ಅದು 2003ರ ಸುಮಾರು. ಬೆಂಗಳೂರಿನ ಪುರಭವನದಿಂದ ನಡೆದೇ ಹೋಗಬಹುದಾದ ಆ ಇಕ್ಕಟ್ಟು ರಸ್ತೆಯಲ್ಲಿ ಆಗ ಹಳೆಯ ಕಂಪ್ಯೂಟರುಗಳ ರಾಶಿಯೇ ಇತ್ತು. ಕಂಪನಿಗಳು ಹೊಸದನ್ನು ತಂದುಕೊಂಡು ಬಿಟ್ಟುಕೊಟ್ಟ ಯಂತ್ರಗಳು ಮಹಡಿ ಮೆಟ್ಟಿಲಿನವರೆಗೂ ಪೇರಿಸಿರುತ್ತಿದ್ದವು. ಒಂದು ಅಂಗಡಿಯಲ್ಲಿ ಬರೀ ಎಸ್‌ಎಂಪಿಎಸ್, ಪಕ್ಕದ್ದರಲ್ಲಿ ಬರೀ ಕೇಬಲ್ಲು, ಮೂಲೆಯಲ್ಲೊಬ್ಬ ಬೆಸುಗೆ ಹಾಕುತ್ತಾ ಕೂತವನು. ಭಾವನಿಗೆ ಅಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣಗಳ ನಡುವೆ ಆಯುಷ್ಯ ಕಳೆದವರು ಅವರು. ಲೈನಿನಲ್ಲಿ ಗುಂಯ್ ಅನ್ನುವುದು ಯಾವುದು, ಕರಕರ ಅನ್ನುವುದು ಯಾವುದು, ಎರಡಕ್ಕೂ ಕಾರಣವೇನು ಅನ್ನುವುದು ಅವರಿಗೆ ಕೇಳಿದೊಡನೆ ಗೊತ್ತಾಗುತ್ತಿತ್ತು.

ಕಂಪ್ಯೂಟರ್ ಬೇಕಾಗಿದ್ದದ್ದು ಅಕ್ಕನ ಹಾಡಿಗೆ. ಅಕ್ಕ ಕಛೇರಿ ಮಾಡುವ ಗಾಯಕಿಯಾಗಿರಲಿಲ್ಲ. ಆದರೆ ನಮ್ಮ ಅಜ್ಜಿಯಿಂದ ಕಲಿತ ಹಸೆ ಹಾಡು, ಆರತಿ ಹಾಡು, ಎಣ್ಣೆಶಾಸ್ತ್ರದ ಹಾಡು, ತೊಟ್ಟಿಲ ಹಾಡು ಎಲ್ಲವೂ ಅವಳ ನಾಲಿಗೆಯ ಮೇಲಿದ್ದವು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆಯ ಗೀಳೂ ಹತ್ತಿತ್ತು. ಭಾವ ಹಾರ್ಮೋನಿಯಂ ನುಡಿಸುತ್ತಿದ್ದರು. ಅಜ್ಜಿ ಹೋದ ಮೇಲೆ ಆ ಹಾಡುಗಳು ನಮ್ಮ ವಂಶದಲ್ಲಿ ಉಳಿದದ್ದು ಅಕ್ಕನೊಬ್ಬಳ ಗಂಟಲಲ್ಲಿ ಅನ್ನುವುದು ಎಲ್ಲರಿಗಿಂತ ಮೊದಲು ಹೊಳೆದದ್ದು ಹೊರಗಿನಿಂದ ಬಂದ ಅಳಿಯನಿಗೆ. ಹಾಡು ಹಾಡಿದಷ್ಟೂ ಹಿಡಿದಿಡಬೇಕು, ಅದೂ ಅಡ್ಡಾದಿಡ್ಡಿಯಾಗಿ ಅಲ್ಲ, ಅಚ್ಚುಕಟ್ಟಾಗಿ ಅನ್ನುವುದು ಅವರ ಹಟ.

ಕ್ಯಾಸೆಟ್ಟಿನ ಕಾಲದಲ್ಲೇ ಶುರುವಾಗಿತ್ತು ಈ ಹಟ. ಎರಡು ಡೆಕ್ ಇಟ್ಟುಕೊಂಡು, ಒಂದರಲ್ಲಿ ಹಾರ್ಮೋನಿಯಂ ನುಡಿಸಿ ತುಂಬಿಸುವುದು. ಅದನ್ನು ಕೇಳಿಸುತ್ತಾ ಅಕ್ಕ ಹಾಡಿದ್ದನ್ನು ಇನ್ನೊಂದಕ್ಕೆ ಇಳಿಸುವುದು. ಅದರ ಮೇಲೆ ಮತ್ತೆ ತಾಳ. ಪ್ರತಿ ಸಲ ಇಳಿಸಿದಾಗಲೂ ಟೇಪಿನ ಹಿಸ್ಸೆನ್ನುವ ಸದ್ದು ಒಂದು ಪದರ ಹೆಚ್ಚುತ್ತಿತ್ತು, ದನಿ ಒಂದು ಪದರ ಮಂಕಾಗುತ್ತಿತ್ತು. ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ ಬೇರೆಬೇರೆಯಾಗಿ ಹಿಡಿಯುವ ಯಂತ್ರವನ್ನು ಟಾಸ್ಕಾಮ್ ಕಂಪನಿ 1979ರಲ್ಲೇ ಮಾಡಿತ್ತು. ಪೋರ್ಟಾಸ್ಟುಡಿಯೋ ಅಂತ ಅದರ ಹೆಸರು. ಅದರ ಚಿತ್ರವನ್ನು ಯಾವುದೋ ವಿದೇಶಿ ಪತ್ರಿಕೆಯಿಂದ ಕತ್ತರಿಸಿ ಭಾವ ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದರು. ನಮ್ಮಂಥವರ ಕೈಗೆ ಅದು ಎಟುಕುವ ಮಾತಾಗಿರಲಿಲ್ಲ. ಮತ್ತೆ, ಕ್ಯಾಸೆಟ್ಟಿನ ಬೆಲೆಯೇ ಅವರಿಗೆ ಭಾರ. ಸರಿ ಬರದ ಹಾಡಿನ ಮೇಲೆಯೇ ಮತ್ತೆ ಹಾಡಿ ತುಂಬಿಸುತ್ತಿದ್ದರು. ಹಳೆಯದು ಅಳಿಸಿ ಹೋಗುತ್ತಿತ್ತು.

ಆ ದಿನ ನಮ್ಮ ಮುಂದಿದ್ದದ್ದು ಎರಡು ಯಂತ್ರ. ಒಂದು ಪೆಂಟಿಯಂ 4, 1.8 ಗಿಗಾಹರ್ಟ್ಸ್. ಇನ್ನೊಂದು ಪೆಂಟಿಯಂ 3, 800 ಮೆಗಾಹರ್ಟ್ಸ್, ಏಸಸ್ ಕಂಪನಿಯ ಪಿ3ಬಿ-ಎಫ್ ಮದರ್‌ಬೋರ್ಡು, ಅದರ ಮೇಲೆ ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್. ಅಂಗಡಿಯವನ ಪ್ರಕಾರ ಇದರಲ್ಲಿ ಆರಿಸುವುದಕ್ಕೇ ಏನಿಲ್ಲ. ಒಂದಕ್ಕೆ ವೇಗ ಎರಡು ಪಟ್ಟಿಗೂ ಮೀರಿ. ಇನ್ನೊಂದು ಅರ್ಧ ಬೆಲೆಗೆ ಕೊಟ್ಟರೂ ಯಾರೂ ಮುಟ್ಟದ ಮಾಲು. ನನಗೂ ಹಾಗೇ ಅನ್ನಿಸಿತು. ಭಾವ ಜೇಬಿನಿಂದ ಹಳೆಯ ಲಕೋಟೆ ತೆಗೆದು ಅದರ ಬೆನ್ನ ಮೇಲೆ ಲೆಕ್ಕ ಹಾಕತೊಡಗಿದರು.

ಆ ಲೆಕ್ಕವನ್ನು ಇಲ್ಲಿ ಬರೆಯಬೇಕು, ಏಕೆಂದರೆ ಅವರ ಬುದ್ಧಿ ಹೇಗೆ ಓಡುತ್ತಿತ್ತು ಅನ್ನುವುದು ಅದರಲ್ಲಿದೆ. ಸಿ.ಡಿ.ಯ ಮಟ್ಟದ ದನಿಗೆ ಸೆಕೆಂಡಿಗೆ 44,100 ಮಾದರಿಗಳು. ಹಿಡಿಯುವಾಗ ಮಾತ್ರ ಸಿ.ಡಿ.ಗಿಂತ ಹೆಚ್ಚಾಗಿ ಒಂದೊಂದು ಮಾದರಿಯೂ 24 ಬಿಟ್, ಅಂದರೆ 3 ಬೈಟ್. ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,32,300 ಬೈಟ್. ಹಾಡು, ಹಾರ್ಮೋನಿಯಂ, ತಬಲಾ, ತಾಳ, ಶ್ರುತಿ ಅಂತ ಎಂಟು ಟ್ರ್ಯಾಕ್ ಒಟ್ಟಿಗೆ ಓಡಿದರೂ ಸೆಕೆಂಡಿಗೆ ಒಂದು ಎಂ.ಬಿ.ಗಿಂತ ಚೂರು ಹೆಚ್ಚು. ಆ ಹಳೆಯ ಬೋರ್ಡಿನಲ್ಲಿ ಹಾರ್ಡ್ ಡಿಸ್ಕಿನ ದಾರಿ ಸೆಕೆಂಡಿಗೆ 33 ಎಂ.ಬಿ.ಯದು. “ಮೂವತ್ಮೂರು ಜನ ಓಡಾಡೋ ರಸ್ತೇಲಿ ಒಬ್ಬನೇ ನಡೀತಾನೆ. ನೂಕುನುಗ್ಗಲು ಎಲ್ಲಿಂದ ಬರತ್ತೆ?” ಎಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. ಹಾಡನ್ನು ಹಿಡಿದಿಡುವುದಕ್ಕೆ ವೇಗದ ಪ್ರೊಸೆಸರ್ ಬೇಕಿಲ್ಲ. ಅದು ಬೇಕಾಗುವುದು ಆಮೇಲೆ, ಹಿಡಿದ ಹಾಡಿಗೆ ಗುಂಗು, ಮಾರ್ದನಿ ಬೆರೆಸುವಾಗ. ಅದನ್ನು ಒಂದೊಂದಾಗಿ, ನಿಧಾನವಾಗಿ ಮಾಡಿಕೊಂಡರಾಯಿತು. ಕಾಯುವುದಕ್ಕೆ ಅವರಿಗೆ ಬೇಸರವಿರಲಿಲ್ಲ.

ಇನ್ನೊಂದು ಲೆಕ್ಕ ಸದ್ದಿನದು. ಪೆಂಟಿಯಂ 4 ಅರವತ್ತು ವಾಟಿಗೂ ಮೀರಿ ಕಾಯುತ್ತಿತ್ತು, ಪೆಂಟಿಯಂ 3 ಇಪ್ಪತ್ತರ ಆಸುಪಾಸು. ಕಾವು ಹೆಚ್ಚಾದರೆ ಫ್ಯಾನ್ ಜೋರಾಗಿ ತಿರುಗಲೇಬೇಕು. ಸ್ಟುಡಿಯೋದವರು ಯಂತ್ರವನ್ನು ಇನ್ನೊಂದು ಕೋಣೆಯಲ್ಲಿಟ್ಟು, ನಡುವೆ ಗಾಜಿನ ಗೋಡೆ ಕಟ್ಟಿಕೊಳ್ಳುತ್ತಾರೆ. ಅಕ್ಕನ ಮನೆಯಲ್ಲಿ ಹಾಡುವುದು, ಹಿಡಿಯುವುದು, ಮಲಗುವುದು ಎಲ್ಲ ಒಂದೇ ಕೋಣೆ. ಹಳೆಯ ಯಂತ್ರದ ಪ್ರೊಸೆಸರ್ ಫ್ಯಾನಿನ ವೇಗವನ್ನು ಇನ್ನೂ ಇಳಿಸಬಹುದು ಎಂದು ಭಾವ ಅಲ್ಲೇ ಅಂದಾಜು ಮಾಡಿದ್ದರು. ಕ್ಯಾಬಿನೆಟ್ ಬಿಚ್ಚಿಸಿ, ಬೋರ್ಡಿನ ಮೇಲಿನ ಒಂದೊಂದು ಕೆಪಾಸಿಟರಿನ ತಲೆಯನ್ನೂ ಬೆರಳಿನಿಂದ ಸವರಿ ನೋಡಿದರು. ಉಬ್ಬಿದ್ದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಆ ವರ್ಷಗಳಲ್ಲಿ ಉಬ್ಬುವ ಕೆಪಾಸಿಟರುಗಳ ಪಿಡುಗು ಲೋಕದ ತುಂಬ ಇತ್ತು. ಇದರಲ್ಲಿ ಎಲ್ಲವೂ ಸಮತಟ್ಟಾಗಿದ್ದವು. ಹಳೆಯದನ್ನೇ ಕೊಂಡು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆವು.

ಆ ಆಯ್ಕೆ ಎಷ್ಟು ಸರಿಯಾಗಿತ್ತು ಅನ್ನುವುದಕ್ಕೆ ಇನ್ನೊಂದು ಕಾರಣವನ್ನು ನಾನು ತಿಳಿದದ್ದು ಆಮೇಲೆ. ಮಾರ್ದನಿ ಕರಗುತ್ತಾ ಹೋಗುವಾಗ ಕಂಪ್ಯೂಟರಿನ ಒಳಗೆ ಸಂಖ್ಯೆಗಳು ಸೊನ್ನೆಯ ಕಡೆಗೆ ಇಳಿಯುತ್ತವೆ, ಆದರೆ ಸೊನ್ನೆಯನ್ನು ಮುಟ್ಟುವುದಿಲ್ಲ. ಕಿವಿಗೆ ಕೇಳುವುದಿರಲಿ, ಯಾವ ಸ್ಪೀಕರೂ ನುಡಿಸಲಾರದಷ್ಟು ಸಣ್ಣ ಸಂಖ್ಯೆಗಳು ಉಳಿದುಕೊಳ್ಳುತ್ತವೆ. ಅವನ್ನು ಗುಣಿಸುವುದು ಆ ಕಾಲದ ಹಲವು ಪ್ರೊಸೆಸರುಗಳಿಗೆ ಕಷ್ಟ. ಪೆಂಟಿಯಂ 4ಕ್ಕಂತೂ ತೀರಾ ಕಷ್ಟ. ಹಾಡು ಜೋರಾಗಿರುವಾಗ ಆರಾಮವಾಗಿ ಓಡುವ ಯಂತ್ರ, ಹಾಡು ಮುಗಿದು ನಿಶ್ಶಬ್ದವಾಗುವ ಹೊತ್ತಿಗೆ ಏದುಸಿರು ಬಿಡುತ್ತಿತ್ತು. ಪ್ರೋಗ್ರಾಂ ಬರೆಯುವವರು ಇದಕ್ಕೆ ಉಪಾಯವಾಗಿ, ಯಾರಿಗೂ ಕೇಳದಷ್ಟು ಸಣ್ಣ ಸದ್ದನ್ನು ಬೇಕೆಂದೇ ಬೆರೆಸಿಡುತ್ತಿದ್ದರು. ಪೂರ್ತಿ ನಿಶ್ಶಬ್ದದ ಹತ್ತಿರಕ್ಕೆ ಹೋಗದ ಹಾಗೆ ಒಂದು ಆಸರೆ. ಇದನ್ನು ಓದಿದ ದಿನ ನನಗೆ ಭಾವನಿಗೆ ಹೇಳಬೇಕು ಅನ್ನಿಸಿತ್ತು. ಆಗ ಅವರು ಇರಲಿಲ್ಲ.

ಯಂತ್ರ ಬಂದ ಮೇಲೆ ಅದಕ್ಕೆ ಬೇಕಾದ್ದು ಒಂದೊಂದಾಗಿ ಸೇರಿತು. ಎಂ-ಆಡಿಯೋದ ಡೆಲ್ಟಾ 44 ಸೌಂಡ್ ಕಾರ್ಡು, ಯಾರೋ ಗಿಟಾರ್ ಹುಡುಗ ಬಳಸಿ ಮಾರಿದ್ದು. ಒಳಕ್ಕೆ ನಾಲ್ಕು, ಹೊರಕ್ಕೆ ನಾಲ್ಕು ದಾರಿ. ತಂತಿ ಸಿಕ್ಕಿಸುವ ತೂತುಗಳು ಹೊರಗಿಡುವ ಪುಟ್ಟ ಪೆಟ್ಟಿಗೆಯ ಮೇಲೆ. ಸೀಗೇಟ್ ಬಾರಾಕುಡಾ ಹಾರ್ಡ್ ಡಿಸ್ಕು, 40 ಜಿ.ಬಿ.ಯದು. ನಿಮಿಷಕ್ಕೆ 7,200 ಸುತ್ತು ತಿರುಗಿದರೂ ತಿರುಗುತ್ತಿದೆ ಅನ್ನುವುದು ಗೊತ್ತಾಗದಷ್ಟು ಮೆತ್ತಗಿನ ಡಿಸ್ಕು ಅದು. ಒಳಗಿನ ಬೇರಿಂಗಿನಲ್ಲಿ ಗುಂಡುಗಳ ಬದಲು ಎಣ್ಣೆಯ ಪದರ. ವಿಂಡೋಸ್ ಒಂದು ಡಿಸ್ಕಿನಲ್ಲಿ, ಹಾಡು ಇನ್ನೊಂದರಲ್ಲಿ, ಎರಡಕ್ಕೂ ಬೇರೆಬೇರೆ ಕೇಬಲ್. ಇದು ಭಾವನ ಕಟ್ಟುನಿಟ್ಟು. ಟ್ರ್ಯಾಕುಗಳನ್ನು ಹಿಡಿಯುವುದಕ್ಕೆ ಕೇಕ್‌ವಾಕ್ ಕಂಪನಿಯ ಸೋನಾರ್. ಮಾಮೂಲಿ ಸೌಂಡ್ ಕಾರ್ಡಿನಲ್ಲಿ ಹಾಡಿದ ದನಿ ಕಿವಿಗೆ ತಿರುಗಿ ಬರುವುದರೊಳಗೆ ಸ್ವರವೇ ದಾಟಿ ಹೋಗುತ್ತಿತ್ತು. ಡೆಲ್ಟಾದಲ್ಲಿ 256 ಮಾದರಿಗಳ ತಡೆಗೆ, ಒಂದು ದಿಕ್ಕಿಗೆ, ಆರು ಮಿಲಿಸೆಕೆಂಡಿಗೂ ಒಳಗೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಎರಡು ಮೀಟರು ಹೋಗುತ್ತದೆ. “ತಬಲದವರು ಎರಡು ಮೀಟರ್ ಆಚೆ ಕೂತಿದಾರೆ ಅಂದ್ಕೊಂಡು ಹಾಡು” ಎಂದು ಅಕ್ಕನಿಗೆ ಹೇಳಿಕೊಟ್ಟರು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕರೆಂಟಿನ ಗುಂಯ್ಗುಡುವ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಬರುತ್ತದೆ. ಅದರ ಗುಂಯ್ಕಾರ 50, 100, 150, 200 ಎಂದು ಮೇಲೇರುತ್ತದೆ. ಅಕ್ಕನ ಶ್ರುತಿ ಹಾರ್ಮೋನಿಯಂನಲ್ಲಿ ಬಿಳಿ ಐದು, 196ರ ಕಂಪನ. 196ಕ್ಕೂ 200ಕ್ಕೂ ನಡುವೆ ಸೆಕೆಂಡಿಗೆ ನಾಲ್ಕು ಸಲ ಒಂದು ಅಲುಗಾಟ. ಷಡ್ಜ ಹಿಡಿದು ನಿಂತಾಗ ಅದು ದನಿಯ ಅಡಿಯಲ್ಲಿ ನಡುಗುತ್ತಿತ್ತು. ಅಕ್ಕನಿಗೆ ಕಾರಣ ಗೊತ್ತಿಲ್ಲದಿದ್ದರೂ ಕಿರಿಕಿರಿಯಾಗಿ ಹಾಡು ನಿಲ್ಲಿಸಿಬಿಡುತ್ತಿದ್ದಳು. ಭಾವ ಮಿಕ್ಸರು, ಕಂಪ್ಯೂಟರು, ಆಂಪ್ಲಿಫೈಯರು ಎಲ್ಲವನ್ನೂ ಒಂದೇ ಪ್ಲಗ್ಗಿಗೆ ತಂದರು. ಟ್ಯೂಬ್‌ಲೈಟಿನ ಚೋಕು ಬಿಚ್ಚಿ ಆಚೆಗಿಟ್ಟು ಬಲ್ಬು ಹಾಕಿದರು. ಟೆಲಿಫೋನಿನವರು ಬಳಸುವ 600 ಓಮಿನ ಟ್ರಾನ್ಸ್‌ಫಾರ್ಮರುಗಳನ್ನು ಎಲ್ಲಿಂದಲೋ ತಂದು, ಆಂಪ್ಲಿಫೈಯರಿಗೆ ಹೋಗುವ ತಂತಿಯ ನಡುವೆ ಬೆಸೆದರು. ದನಿ ಸ್ವಲ್ಪ ಸೊರಗುತ್ತದೆ ಎಂದು ಮೈಕಿನ ದಾರಿಗೆ ಮಾತ್ರ ಅದನ್ನು ಸೇರಿಸಲಿಲ್ಲ. ಒಂದು ರಾತ್ರಿ ಗುಂಯ್ಕಾರ ನಿಂತುಹೋಯಿತು. ಅಕ್ಕ ಕಣ್ಣು ಮುಚ್ಚಿ ಷಡ್ಜ ಹಿಡಿದಳು, ಬಿಡಲೇ ಇಲ್ಲ.

ಹಾಡು ಹಿಡಿಯುತ್ತಿದ್ದದ್ದು ರಾತ್ರಿಯೇ. ಹಗಲಿಡೀ ಸದ್ದು, ಕೃಷ್ಣರಾಜಪುರದ ಸ್ಟೇಷನ್ ದೂರವಿಲ್ಲ. ಕಂಡೆನ್ಸರ್ ಮೈಕು ಪಕ್ಕದ ಮನೆಯ ಕುಕ್ಕರನ್ನೂ ಗೋಡೆಯ ಹಲ್ಲಿಯನ್ನೂ ಬಿಡುತ್ತಿರಲಿಲ್ಲ. ಅಕ್ಕ ಬೀರುವಿನ ಎರಡೂ ಬಾಗಿಲು ತೆರೆದು, ತನ್ನ ರೇಷ್ಮೆ ಸೀರೆಗಳ ಕಡೆಗೆ ಮುಖ ಮಾಡಿ ನಿಂತು ಹಾಡುತ್ತಿದ್ದಳು. ಸೀರೆಯ ಮಡಿಕೆಗಳು ಕೋಣೆಯ ಮಾರ್ದನಿಯನ್ನು ಹೀರಿಕೊಳ್ಳುತ್ತಿದ್ದವು. ಕಿಟಕಿಗೆ ಹಾಸಿಗೆ ಒರಗಿಸಿರುತ್ತಿದ್ದರು. ಸೀಲಿಂಗ್ ಫ್ಯಾನ್ ಆರಿಸಿ ಬೆವರುತ್ತಾ ನಾನು ಮಂಚದ ಮೇಲೆ, ಅಕ್ಕನ ಮಗಳು ಅಜ್ಜಿಯ ಹಳೆಯ ಕೌದಿಯ ಮೇಲೆ ಕೂತಿರುತ್ತಿದ್ದೆವು. ಭಾವ ಕಂಪ್ಯೂಟರಿನ ಮುಂದೆ, ನಮಗೆ ಬೆನ್ನು ಹಾಕಿ. ಅವರೇ ನುಡಿಸಬೇಕಾದ ಹಾರ್ಮೋನಿಯಂ ಟ್ರ್ಯಾಕನ್ನು ಮೊದಲೇ ಹಿಡಿದಿರುತ್ತಿದ್ದರು. ಹಾಗಾಗಿ ಅಕ್ಕ ಹಾಡುವಾಗ ಅವರ ಕೈಗೆ ಕೆಲಸವಿರಲಿಲ್ಲ, ಕಿವಿಗೆ ಮಾತ್ರ. ನಾನು ಕಂಡ ಸುಖದ ದಾಂಪತ್ಯಗಳಲ್ಲಿ ಅದೊಂದು. ಗಂಡ ಹೆಂಡತಿಯ ಮಾತಿಗೆ ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ಕಿವಿಗೊಟ್ಟದ್ದನ್ನು ನಾನು ಬೇರೆ ಕಡೆ ನೋಡಿಲ್ಲ.

ಕ್ಯಾಸೆಟ್ಟಿನ ಹಾಗಲ್ಲದೆ ಇದರಲ್ಲಿ ಯಾವುದನ್ನೂ ಅಳಿಸಬೇಕಿರಲಿಲ್ಲ. 40 ಜಿ.ಬಿ. ಅಂದರೆ ಒಂದು ಟ್ರ್ಯಾಕಿನ ಲೆಕ್ಕದಲ್ಲಿ 80 ಗಂಟೆಗೂ ಮೀರಿದ ದನಿ. ಸರಿ ಬಂದದ್ದು, ಬರದಿದ್ದದ್ದು ಎಲ್ಲ ಉಳಿಯಿತು. ಹಾಡುಗಳನ್ನು ಬೆರೆಸಿ, ತಲೆ ಬಾಲ ಕತ್ತರಿಸಿ, ಸಿ.ಡಿ. ಮಾಡಿ ನೆಂಟರ ಮದುವೆಗಳಲ್ಲಿ ತಾಂಬೂಲದ ಜೊತೆ ಹಂಚಿದರು. ನಮ್ಮ ಅಜ್ಜಿಯ ಹಸೆ ಹಾಡು ಈಗ ಶಿವಮೊಗ್ಗದಲ್ಲೂ ಇದೆ, ಸ್ಯಾನ್ ಹೋಸೆಯಲ್ಲೂ ಇದೆ.

2008ರ ಆಷಾಢದಲ್ಲಿ ಭಾವ ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಅಕ್ಕ ಆಮೇಲೆ ಹಾಡಲಿಲ್ಲ. ಹಬ್ಬದ ಆರತಿಗೆ ಕೂಡ ಬೇರೆಯವರು ಹಾಡಿದರೆ ದನಿಗೂಡಿಸುವಷ್ಟೇ. ಭಾವನ ಫೋಟೋಗಳು ಬೇಕಾದಷ್ಟಿವೆ. ದನಿ ಇರಲಿಲ್ಲ. ವಿಡಿಯೋ ತೆಗೆಯುವ ಫೋನು ಆಗ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಎಲ್ಲರ ದನಿಯನ್ನೂ ಹಿಡಿದಿಟ್ಟ ಮನುಷ್ಯ ಯಾವ ಸಿ.ಡಿ.ಯಲ್ಲೂ ಒಂದು ಮಾತು ಆಡಿರಲಿಲ್ಲ. ಹಾರ್ಮೋನಿಯಂ ಇತ್ತು, ಬೆರಳುಗಳಿದ್ದವು. ಅಕ್ಕನ ಮಗಳು ಒಮ್ಮೆ, “ಅಪ್ಪನ ಧ್ವನಿ ನಂಗೆ ಮರೆತು ಹೋಗ್ತಾ ಇದೆ ಮಾಮ” ಅಂದಳು. ಆ ಮಾತು ನನ್ನನ್ನು ಬಹಳ ವರ್ಷ ಬಿಡಲಿಲ್ಲ.

ಇತ್ತ ಯಂತ್ರದ ಸುತ್ತಲಿನ ಲೋಕವೂ ಒಂದೊಂದಾಗಿ ಕಳಚಿಕೊಂಡಿತು. ಅಗಲ ಕೇಬಲ್ಲಿನ ಐಡಿಇ ಡಿಸ್ಕುಗಳು ಹೋಗಿ ಸಾಟಾ ಬಂತು. ಹೊಸ ಬೋರ್ಡುಗಳಲ್ಲಿ ಡೆಲ್ಟಾ 44 ಕೂರುವ ಪಿಸಿಐ ಸ್ಲಾಟೇ ಇಲ್ಲ. ಕೇಕ್‌ವಾಕ್ ಕಂಪನಿ 2017ರಲ್ಲಿ ಕೆಲಸ ನಿಲ್ಲಿಸಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಆ ಪ್ರೋಗ್ರಾಮನ್ನು ಮತ್ತೆ ಹೊರತಂದಿತು. ಅಕ್ಕ ಮನೆ ಖಾಲಿ ಮಾಡಿ ಮಗಳ ಫ್ಲ್ಯಾಟಿಗೆ ಹೋಗುವುದಾದಾಗ ಕಂಪ್ಯೂಟರ್ ಗುಜರಿಯ ಕಡೆಗೆ ಎತ್ತಿಟ್ಟಿದ್ದರು. “ಹಾಡೆಲ್ಲಾ ಸಿ.ಡಿ.ಲಿದೆಯಲ್ಲ, ಇದ್ಯಾಕೋ?” ಅಂದಳು ಅಕ್ಕ. ನಾನು ಸ್ಕ್ರೂ ಬಿಚ್ಚಿ ಎರಡೂ ಡಿಸ್ಕು ತೆಗೆದುಕೊಂಡೆ.

ಎಸ್‌.ಪಿ. ರೋಡಿನಲ್ಲೇ ಒಂದು ಅಡಾಪ್ಟರ್ ಸಿಕ್ಕಿತು, ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವಂಥದ್ದು. ಬಾರಾಕುಡಾ ತಿರುಗಿತು, ಕೈಯಿಟ್ಟು ನೋಡಿಯೇ ತಿಳಿಯಬೇಕಾಯಿತು, ಅಷ್ಟು ಮೆತ್ತಗೆ. ಭಾವ ಕೊಟ್ಟ ಹೆಸರುಗಳು ಸಾಲಾಗಿ ಬಂದವು: ಹಸೆ, ಆರತಿ, ತೊಟ್ಟಿಲು. ಅಕ್ಕನ ಮಗಳು ಒಂದು ಹಾಡನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಟ್ರ್ಯಾಕುಗಳು ಪಟ್ಟಿಪಟ್ಟಿಯಾಗಿ ಕಂಡವು. ಇಂಥ ಪ್ರೋಗ್ರಾಮುಗಳಲ್ಲಿ ಕತ್ತರಿಸುವುದು ಅಂದರೆ ಮುಚ್ಚಿಡುವುದು ಅಷ್ಟೇ. ಮೂಲ ಕಡತದಲ್ಲಿ ದನಿ ಹಾಗೇ ಇರುತ್ತದೆ. ಪಟ್ಟಿಯ ಅಂಚು ಹಿಡಿದು ಎಡಕ್ಕೆ ಎಳೆದರೆ, ಹಾಡು ಶುರುವಾಗುವ ಮೊದಲು ಮೈಕಿಗೆ ಬಿದ್ದದ್ದೆಲ್ಲ ಮತ್ತೆ ಬರುತ್ತದೆ. ಅವಳು ಎಳೆದಳು.

ಬೀರುವಿನ ಬಾಗಿಲು ಕಿರುಗುಟ್ಟಿತು. ದೂರದಲ್ಲಿ ರೈಲಿನ ಕೂಗು. ಆಮೇಲೆ ಕೋಣೆಯ ಆಚೆ ಬದಿಯಿಂದ, ಮೆಲ್ಲಗೆ, ಭಾವ: “ರೈಲು ಹೋಗಲಿ, ತಾಳು.” ಅಕ್ಕ ಅಂದಳು, “ರೀ, ಸೆಖೆ.” “ಆಯ್ತು, ಇದೊಂದು ತಗೊಂಡುಬಿಡು. ಫ್ಯಾನು ಹಾಕ್ತೀನಿ ಆಮೇಲೆ.” ರೈಲು ಪೂರ್ತಿ ಹೋಗುವವರೆಗೂ ಅವರಿಬ್ಬರೂ ಸುಮ್ಮನಿದ್ದಾರೆ. ನಡುವೆ ಯಾರೋ ಆಕಳಿಸುತ್ತಾರೆ. ಅದು ನಾನೇ ಇರಬೇಕು. ಆಮೇಲೆ ಭಾವ ಚರಣದ ಮೊದಲ ಸಾಲನ್ನು ಅವಳಿಗೆ ನೆನಪಿಸಲು ಗುನುಗುತ್ತಾರೆ. ಅವರು ಹಾಡಬಲ್ಲರು ಅನ್ನುವುದೇ ನಮಗೆ ಮರೆತಿತ್ತು. ಹಾಡಿನ ನಂತರದ ಬಾಲದಲ್ಲೂ ಇದ್ದರು: “ಚೆನ್ನಾಗಿ ಬಂತು. ಇನ್ನೊಂದ್ಸಲ ಹೇಳು, ಸುಮ್ನೆ, ನಂಗೋಸ್ಕರ.”

ಮಗಳು ಅತ್ತಳು. ಅಕ್ಕ ಅಳಲಿಲ್ಲ, ಒಂದೊಂದೇ ಹಾಡು ತೆರೆಸಿ, ಎಲ್ಲದರ ಅಂಚನ್ನೂ ಎಳೆಸಿ ಕೇಳಿದಳು. ಬೆಳಗಿನವರೆಗೂ.

ಕೋಣೆಯ ಆಚೆ ಬದಿಯ ಆ ಮೆಲುದನಿ ಮೈಕಿಗೆ ಅಷ್ಟು ಸ್ಪಷ್ಟವಾಗಿ ಬಿದ್ದದ್ದು ಹೇಗೆ ಅನ್ನುವುದನ್ನು ನಾನು ಆಮೇಲೆ ಯೋಚಿಸಿದೆ. ಅರವತ್ತು ವಾಟಿನ ಯಂತ್ರ ಅವರ ಮೊಣಕಾಲಿನ ಪಕ್ಕದಲ್ಲಿದ್ದಿದ್ದರೆ ಫ್ಯಾನಿನ ಮೊರೆತದಲ್ಲಿ ಆ ಮಾತು ಮುಳುಗಿಹೋಗುತ್ತಿತ್ತು. ಅಕ್ಕನ ಹಾಡು ಹತ್ತಿರದ್ದು, ಜೋರಿನದು. ಅದು ಯಾವ ಯಂತ್ರವಿದ್ದರೂ ಉಳಿಯುತ್ತಿತ್ತು. ಭಾವ ಅಂಗಡಿಯ ಬಾಗಿಲು ಮುಂದೆ ಮಾಡಿಸಿ ಆರಿಸಿದ ಯಂತ್ರದಿಂದ ಉಳಿದದ್ದು ಅವರ ದನಿ. ಅದಕ್ಕಾಗಿ ಅವರು ಆರಿಸಿದ್ದಲ್ಲ. ಹೆಂಡತಿಯ ಹಾಡಿಗೆ ಮಾಡಿದ ಏರ್ಪಾಡು ಅದು.

ಇದನ್ನು ಓದುತ್ತಿರುವ ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಯಂತ್ರ ಇರಬಹುದು. ಮನೆಯಲ್ಲಿ ಹಾಡು, ನಾಟಕ, ಹರಿಕಥೆ ಏನನ್ನಾದರೂ ಹಿಡಿದಿಟ್ಟವರು ಇದ್ದರೆ, ಗುಜರಿಯವನಿಗೆ ಕೊಡುವ ಮೊದಲು ಡಿಸ್ಕು ತೆಗೆದುಕೊಳ್ಳಿ. ಅದನ್ನು ಹಳೆಯ ಯಂತ್ರದಲ್ಲೇ ಚಾಲೂ ಮಾಡುವ ಗೋಜಿಗೆ ಹೋಗಬೇಡಿ. ಅಡಾಪ್ಟರಿಗೆ ಹಾಕಿ, ಅದರದೇ ಪವರ್ ಸಪ್ಲೈ ಕೊಟ್ಟು, ಮೊದಲು ಡಿಸ್ಕಿನಲ್ಲಿರುವುದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿಕೊಳ್ಳಿ. ಮುಗಿದ ಹಾಡುಗಳನ್ನಷ್ಟೇ ಎತ್ತಿಕೊಂಡು ಬಿಡಬೇಡಿ. ಒಂದೊಂದು ಟ್ರ್ಯಾಕನ್ನೂ ಅಂಚು ಪೂರ್ತಿ ಎಳೆದು, ಎಲ್ಲವೂ ಒಂದೇ ಆರಂಭದಿಂದ ಬರುವ ಹಾಗೆ ವೇವ್ ಕಡತಗಳಾಗಿ ಇಳಿಸಿಕೊಳ್ಳಿ. ಆ ಪ್ರೋಗ್ರಾಂ ನಾಳೆ ಇಲ್ಲದಿದ್ದರೂ ಅವು ತೆರೆಯುತ್ತವೆ. ಕಡತದ ಹೆಸರಿನಲ್ಲಿ ಹಾಡಿದವರ ಹೆಸರಿನ ಜೊತೆ ಹಿಡಿದವರ ಹೆಸರನ್ನೂ ಬರೆಯಿರಿ. ಡಿಸ್ಕುಗಳು ಕಾಯುವುದಿಲ್ಲ, ಈ ವಾರವೇ ಮಾಡಿ.